ಎಣಿಸದೆ ಬಿಟ್ಟ ಕಂಬ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ನಾಲ್ಕು ಟೆಲಿಫೋನ್ ತಂತಿಗಳು ಯಾವ ಯಾವ ಕಂಬದ ಮೇಲೆ ಒಂದರ ಜಾಗಕ್ಕೆ ಇನ್ನೊಂದು ಬರಬೇಕೆಂದು ನಿರ್ಧರಿಸುವ ಕೆಲಸ ಟೆಲಿಫೋನ್ ಇಲಾಖೆಯಲ್ಲಿದ್ದ ನನ್ನ ಮೇಲೆ ಬಿತ್ತು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಭದ್ರಾವತಿಯಲ್ಲಿ ಕಾರ್ಖಾನೆಯ ಕೆಲಸ ಬೆಳೆಯುತ್ತಿತ್ತು. ಅಲ್ಲಿಂದ ಒಂದು ಟ್ರಂಕ್ ಕಾಲ್ ಸಿಗಬೇಕಾದರೆ ಅರ್ಧ ದಿನ ಕಾಯಬೇಕಿತ್ತು. ಹೊಸ ತಂತಿ ಎಳೆಯೋಣವೆಂದರೆ ತಾಮ್ರವಿಲ್ಲ. ಹಾಗಾಗಿ ಇರುವ ತಂತಿಯ ಮೇಲೆಯೇ, ಮಾತಿನ ಸ್ವರಕ್ಕಿಂತ ಬಹಳ ಎತ್ತರದ ಕಂಪನಗಳಲ್ಲಿ, ಇನ್ನೂ ಮೂರು ಮಾತುಕತೆಗಳನ್ನು ಹೇರುವ ಯಂತ್ರ ಬರುವುದೆಂದು ತೀರ್ಮಾನವಾಯಿತು. ಅದನ್ನು ನಾವು ಕ್ಯಾರಿಯರ್ ಎನ್ನುತ್ತಿದ್ದೆವು.

ಅಕ್ಕಪಕ್ಕ ಓಡುವ ತಂತಿಗಳು ಒಂದರ ಮಾತನ್ನು ಇನ್ನೊಂದು ಕದ್ದು ಕೇಳುತ್ತವೆ, ವಠಾರದ ತೆಳು ಗೋಡೆಯಾಚೆಯ ಗಂಡಹೆಂಡಿರ ಜಗಳ ನಮಗೆ ಕೇಳಿಸುವ ಹಾಗೆ. ಇದಕ್ಕೆ ಮದ್ದೆಂದರೆ, ಒಂದು ಜೋಡಿಯ ಎರಡು ತಂತಿಗಳು ಇಷ್ಟಿಷ್ಟು ದೂರಕ್ಕೊಮ್ಮೆ ಜಾಗ ಬದಲಿಸಿಕೊಳ್ಳಬೇಕು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಹಾಗೆ ಬದಲಿಸುವ ಕಂಬಕ್ಕೆ ಕ್ರಾಸ್ ಎಂದು ಹೆಸರು. ಕ್ರಾಸಿಗೆ ಮುಂಚೆ ಕೇಳಿಸಿಕೊಂಡದ್ದನ್ನು ಕ್ರಾಸಿನ ನಂತರ ಕೇಳಿಸಿಕೊಂಡದ್ದು ಅಳಿಸಿಹಾಕುತ್ತದೆ. ಆದರೆ ಎರಡೂ ಕಡೆಯ ದೂರ ಸಮನಾಗಿರಬೇಕು. ಬರೀ ಮಾತಿಗಾದರೆ ಒಂದಿಷ್ಟು ಹೆಚ್ಚುಕಡಿಮೆ ನಡೆಯುತ್ತದೆ. ಕ್ಯಾರಿಯರಿನ ಎತ್ತರದ ಕಂಪನ ಅಂಥ ಉದಾರಿಯಲ್ಲ.

ಮೂರು ವಾರ ಕೂತು ಲೆಕ್ಕ ಹಾಕಿದೆ. ತಂತಿಗಳ ನಡುವಿನ ಅಂತರವನ್ನು ಹನ್ನೆರಡು ಅಂಗುಲದಿಂದ ಎಂಟಕ್ಕೆ ಇಳಿಸುವುದು. ಜೋಡಿಯ ತಂತಿಗಳು ಹತ್ತಿರ ಬಂದಷ್ಟೂ ಪಕ್ಕದ ಜೋಡಿಯ ಕಾಟ ಕಡಿಮೆ. ಹದಿನಾರು ಕಂಬಕ್ಕೊಮ್ಮೆ ಇದ್ದ ಕ್ರಾಸನ್ನು ನಾಲ್ಕು ಕಂಬಕ್ಕೊಮ್ಮೆ ತರುವುದು. ಎಂಟು ಕಂಬಕ್ಕೊಮ್ಮೆ ಸಾಕೆಂದು ಒಂದು ನಕ್ಷೆ ಹಾಕಿ ನೋಡಿದ್ದೆ. ಮೇಲಿನ ಕಂಪನಗಳಲ್ಲಿ ಅದು ಕೈಕೊಡುತ್ತಿತ್ತು, ಹರಿದು ಹಾಕಿದೆ. ಕೊನೆಗೆ ಒಪ್ಪಿಗೆಯಾದ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು ನಾನೇ ದೂರ ನಿಂತು ನೋಡಿ ಸಂತೋಷಪಟ್ಟದ್ದು ನೆನಪಿದೆ. ಇವತ್ತಿಗೂ ಆ ನಕ್ಷೆಯಲ್ಲಿ ತಪ್ಪು ಹುಡುಕಲಾರಿರಿ.

ನಕ್ಷೆ ಹಾಕಿದವನು ಇಡೀ ಲೈನನ್ನು ಕಾಲ್ನಡಿಗೆಯಲ್ಲಿ ಅಳೆಯಬೇಕೆಂಬ ನಿಯಮವಿತ್ತು. ನಾನು ಶಿವಮೊಗ್ಗದ ಕಡೆಯ ಎರಡು ಮೈಲಿ ನಡೆದೆ, ಭದ್ರಾವತಿಯ ಕಡೆಯ ಎರಡು ಮೈಲಿ ನಡೆದೆ. ಮಧ್ಯದ ಏಳು ಮೈಲಿಯನ್ನು ಲೈನು ನೋಡಿಕೊಳ್ಳುವ ಗ್ಯಾಂಗಿನವರು ಕಂಬಗಳ ಎಣಿಕೆ ಬರೆದಿಡುವ ಡೈರಿ ನೋಡಿ ಬರೆದುಕೊಂಡೆ. ಬಿಸಿಲಿತ್ತು. ಜೊತೆಗೆ, ಆರು ವರ್ಷದ ಹಿಂದೆ ಈ ಲೈನು ಹಾಕಿಸಿದವನೇ ನಾನು, ನನಗೆ ತಿಳಿಯದ್ದೇನಿದೆ ಎಂಬ ಜಂಬವೂ ಇತ್ತು. 'ಖುದ್ದಾಗಿ ಅಳೆದಿದ್ದೇನೆ' ಎಂದು ರುಜು ಹಾಕಿದೆ.

ತಂತಿ ಬದಲಿಸಿದ್ದು ಎಂಟು ಜನರ ಗ್ಯಾಂಗು. ಅದರ ಮುಖ್ಯಸ್ಥ ಹಿರಿಯ ಲೈನ್‌ಮನ್, ಐವತ್ತರ ಹತ್ತಿರದ ಮುಸ್ಲಿಂ ಮನುಷ್ಯ. ಗಾಂಧಿ ಬಜಾರಿನ ಹಿಂದೆ ಮನೆ, ಮನೆಯಲ್ಲಿ ಏಳು ಜನ. ಕಡಿಮೆ ಮಾತು. ಏಣಿ ಹತ್ತುವ ಮುಂಚೆ ಕಂಬವನ್ನು ಅಂಗೈಯಿಂದ ಒಮ್ಮೆ ತಟ್ಟುತ್ತಿದ್ದ, ಎತ್ತಿನ ಬೆನ್ನು ತಟ್ಟಿದ ಹಾಗೆ. ಮೂವತ್ತೆರಡು ದಿನಗಳಲ್ಲಿ ಕೆಲಸ ಮುಗಿಸಿ, ಎಲ್ಲ ಕಂಬದ ಮೇಲೂ ನಕ್ಷೆಯಂತೆ ಆಗಿದೆಯೆಂಬ ಕಾಗದಕ್ಕೆ ಅವನೂ ರುಜು ಹಾಕಿದ.

ಪರೀಕ್ಷೆಯ ದಿನ ಮೇಲಿನ ಕಚೇರಿಯಿಂದ ಇಂಜಿನಿಯರ್ ಸಾಹೇಬರು ಬಂದರು. ಒಂದು ಜೋಡಿಗೆ ಶಿವಮೊಗ್ಗದಲ್ಲಿ ಸ್ವರ ಕೊಟ್ಟು, ಪಕ್ಕದ ಜೋಡಿಗೆ ಕಿವಿ ಹಚ್ಚುವುದು. ಕ್ಯಾರಿಯರಿನ ಸ್ವರ ಮನುಷ್ಯರ ಕಿವಿಗೆ ನಿಲುಕುವುದಿಲ್ಲ. ಅದನ್ನು ಇಳಿಸಿ ಕೇಳಿಸುವ ಪೆಟ್ಟಿಗೆಯಿತ್ತು. ಕೆಳಗಿನ ಕಂಪನಗಳಲ್ಲಿ ಪಕ್ಕದ ಜೋಡಿ ಮೌನವಾಗಿತ್ತು. ನಾನು ಆಗಲೇ ಕಾಫಿಗೆ ಹೇಳಿ ಕಳಿಸಿದ್ದೆ. ಸಾಹೇಬರು ತಿರುಪನ್ನು ಮೇಲಕ್ಕೆ ತಿರುಗಿಸುತ್ತ ಹೋದಂತೆ ಕಿವಿಯಲ್ಲಿ ಸಣ್ಣದೊಂದು ಶಿಳ್ಳೆ ಎದ್ದಿತು. ಕರಗಿತು. ಮತ್ತೆ ಎದ್ದಿತು. ಮೂರನೆಯ ಸಲ ಅದು ಎಷ್ಟು ಜೋರಾಗಿತ್ತೆಂದರೆ, ಮೇಜಿನ ಆಚೆ ನಿಂತಿದ್ದ ಹಿರಿಯ ಲೈನ್‌ಮನ್ನಿಗೂ ಕೇಳಿಸಿ ಅವನು ತಲೆ ತಗ್ಗಿಸಿದ.

ಸಾಹೇಬರು ಹೆಡ್‌ಫೋನ್ ತೆಗೆದಿಟ್ಟು, "ಕಾಗದದ ಮೇಲೆ ಸರಿ ಇದೆ ಅಂತೀರಿ. ತಂತಿ ಮೇಲೆ ತಪ್ಪಿದೆ. ಮಧ್ಯದಲ್ಲಿ ಯಾರ್ರೀ ಇರೋದು?" ಎಂದು ಕೇಳಿದರು.

"ಗ್ಯಾಂಗು ತಪ್ಪು ಎಣಿಸಿರಬೇಕು ಸಾರ್," ಎಂದೆ. ಯೋಚಿಸಲು ಒಂದು ಉಸಿರಿನಷ್ಟು ಹೊತ್ತನ್ನೂ ತೆಗೆದುಕೊಳ್ಳಲಿಲ್ಲ. ಅದನ್ನು ನೆನೆದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಸುಳ್ಳು ರುಜುವಿಗೆ ಶಿಕ್ಷೆ ಕೆಲಸದಿಂದ ವಜಾ. ಸಾಹೇಬರು ನನಗೆ ಹತ್ತು ದಿನ ಕೊಟ್ಟರು. ಅಷ್ಟರಲ್ಲಿ ತಪ್ಪು ಎಲ್ಲಿದೆಯೆಂದು ಹುಡುಕಿ, ಹಿರಿಯ ಲೈನ್‌ಮನ್ನಿನ ಮೇಲೆ ದೋಷಾರೋಪ ಪಟ್ಟಿ ಬರೆದು ತರಬೇಕು. ಅವನು ಹೊರಗೆ ಹೋಗಿ ಸೈಕಲ್ಲಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ.

ಹುಡುಕುವುದಕ್ಕೆ ಒಂದು ದಾರಿಯಿತ್ತು. ತಂತಿಯ ಉದ್ದಕ್ಕೆ ಎಲ್ಲಾದರೂ ಏರುಪೇರಿದ್ದರೆ ಹೋದ ಅಲೆ ಅಲ್ಲಿ ತುಸು ಎಡವಿ ಹಿಂದಿರುಗುತ್ತದೆ. ಕಂಪನವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದರೆ ಸೋರಿಕೆ ಒಮ್ಮೆ ಏಳುತ್ತದೆ, ಒಮ್ಮೆ ಬೀಳುತ್ತದೆ. ಎರಡು ಏರುಗಳ ನಡುವಿನ ಅಂತರ ಗೊತ್ತಾದರೆ ಎಡವಿದ ಜಾಗ ಎಷ್ಟು ದೂರವೆಂದು ಹೇಳಬಹುದು. ಎರಡು ದಿನ ಪೆಟ್ಟಿಗೆಯ ಮುಂದೆ ಕೂತು ಗ್ರಾಫ್ ಹಾಳೆಯ ಮೇಲೆ ಚುಕ್ಕೆ ಇಟ್ಟೆ. ಏರುಗಳು ಸಮ ಅಂತರದಲ್ಲಿ ಬಂದವು. ಅಂದರೆ ತಪ್ಪು ಲೈನಿನುದ್ದಕ್ಕೂ ಚೆಲ್ಲಿರಲಿಲ್ಲ, ಮುಖ್ಯವಾಗಿ ಒಂದೇ ಕಡೆ ಇತ್ತು. ಲೆಕ್ಕ ಶಿವಮೊಗ್ಗದಿಂದ ಏಳು ಮೈಲಿ ಎಂದಿತು.

ಮೂರನೆಯ ದಿನ ಬೆಳಿಗ್ಗೆ ಹಿರಿಯ ಲೈನ್‌ಮನ್ನನ್ನು ಕರೆದುಕೊಂಡು ಹೊರಟೆ. ಆರನೆಯ ಮೈಲಿಯಲ್ಲಿ ಸೈಕಲ್ ಬಿಟ್ಟು, ಕಂಬ ಎಣಿಸುತ್ತ ನಡೆದೆವು. ನಾನು ಗಟ್ಟಿಯಾಗಿ ಎಣಿಸುತ್ತಿದ್ದೆ. ಅವನು ಹಿಂದೆ ಬರುತ್ತಿದ್ದ. ಇನ್ನೂರ ಎಂಟು, ಇನ್ನೂರ ಒಂಬತ್ತು. ಅವನ ಹೆಜ್ಜೆ ನಿಧಾನವಾಗಿದ್ದನ್ನು ಗಮನಿಸಿದೆ. ಇನ್ನೂರ ಹನ್ನೊಂದು. ಆಮೇಲಿನ ಕಂಬಕ್ಕೆ ಸಂಖ್ಯೆಯ ತಗಡೇ ಇರಲಿಲ್ಲ. ತಲೆ ಎತ್ತಿದರೆ, ಉಳಿದೆಲ್ಲ ಕಂಬಗಳ ಮೇಲೆ ಎಂಟು ಅಂಗುಲದ ಹೊಸ ಅಡ್ಡಪಟ್ಟಿಯಿದ್ದರೆ ಇದರ ಮೇಲೆ ಮಾತ್ರ ಹಳೆಯ ಹನ್ನೆರಡು ಅಂಗುಲದ್ದು, ತುಕ್ಕು ಹಿಡಿದು ಕೂತಿತ್ತು. ತಂತಿಗಳು ಅಲ್ಲಿಗೆ ಬಂದು ಅಗಲವಾಗಿ, ದಾಟಿದ ಮೇಲೆ ಮತ್ತೆ ಕೂಡಿಕೊಂಡಿದ್ದವು. ಇದರ ಮುಂದಿನ ಕಂಬದ ಮೇಲೆ 'ಇನ್ನೂರ ಹನ್ನೆರಡು' ಎಂಬ ತಗಡು.

ನನಗೆ ರೇಗಿ ಹೋಯಿತು. "ಇದೇನಯ್ಯಾ ಇದು?"

"ಇದನ್ನ ನಾವು ಎಣಿಸಲ್ಲ ಸಾರ್."

"ಎಣಿಸಲ್ಲ ಅಂದ್ರೆ? ಕಂಬ ಅಲ್ವಾ ಇದು?"

"ಕಂಬ ಹೌದು ಸಾರ್. ಎಣಿಸಲ್ಲ, ಹತ್ತಲ್ಲ."

ನಾಲ್ಕು ವರ್ಷದ ಹಿಂದೆ ಈ ಲೈನಿನಲ್ಲಿ ಒಬ್ಬ ಲೈನ್‌ಮನ್ ಸತ್ತದ್ದು ನನಗೆ ಗೊತ್ತಿತ್ತು. ವಿಚಾರಣೆಯಲ್ಲಿ 'ಸ್ವಂತ ಅಜಾಗರೂಕತೆ' ಎಂದು ಬರೆದು ಮುಗಿಸಿದ್ದರು. ಯಾವ ಕಂಬವೆಂದು ನೆನಪಿಟ್ಟುಕೊಳ್ಳುವ ಗೋಜಿಗೆ ನಾನು ಹೋಗಿರಲಿಲ್ಲ. ಹಿರಿಯ ಲೈನ್‌ಮನ್ ನೆನಪಿಟ್ಟುಕೊಂಡಿದ್ದ. ಸತ್ತವನು ಅವನ ಜೋಡಿ; ಹನ್ನೆರಡು ವರ್ಷ ಒಂದೇ ಏಣಿಯ ಮೇಲೂ ಕೆಳಗೂ ಇದ್ದವರು. ಆವತ್ತು ಕಡಿದ ತಂತಿಯನ್ನು ಬಿಗಿಯುವಾಗ ಅದರ ತುದಿ ಚಿಮ್ಮಿ ಮೇಲೆ ಹಾದುಹೋಗುವ ವಿದ್ಯುತ್ ಲೈನಿಗೆ ತಾಗಿತ್ತು.

"ಕೆಳಗಿಂದ ಕೂಗ್ದೆ ಸಾರ್. ಮುಟ್ಟೋ ಹಾಗಿಲ್ಲ. ಕರೆಂಟು ತೆಗೆಸೋಕೆ ಫೋನ್ ಮಾಡ್ಬೇಕು ಅಂದ್ರೆ ಅವನು ಸರಿ ಮಾಡ್ತಿದ್ದ ಲೈನೇ ಅದು. ಸೈಕಲ್ ತುಳ್ದೆ, ಭದ್ರಾವತಿ ತನಕ. ನಾಲ್ಕು ಮೈಲಿ. ತಿರ್ಗಾ ನಾಲ್ಕು ಮೈಲಿ. ಬಂದಾಗ್ಲೂ ಹಂಗೇ ಬೆಲ್ಟಲ್ಲಿ ತೂಗ್ತಿದ್ದ. ನಾನೇ ಇಳಿಸ್ದೆ."

ಮಣ್ಣಾದ ದಿನವೇ ಗ್ಯಾಂಗಿನವರು ಈ ಕಂಬದ ತಗಡು ಬಿಚ್ಚಿ ಅವನ ಹೆಂಡತಿಗೆ ಕೊಟ್ಟರಂತೆ. ಮರುವರ್ಷ ಎಲ್ಲ ಕಂಬಗಳಿಗೂ ಹೊಸ ತಗಡು ಬಂದಾಗ ಈ ಕಂಬವನ್ನು ಬಿಟ್ಟು ಮುಂದಿನದಕ್ಕೆ ಇನ್ನೂರ ಹನ್ನೆರಡು ಎಂದು ಹೊಡೆದರು. ಡೈರಿಯನ್ನೂ ಹಾಗೆಯೇ ಬರೆದರು. ಅವರ ಮಟ್ಟಿಗೆ ಆ ಕಂಬ ಅವನ ಜೊತೆಗೇ ಹೋಗಿತ್ತು. ನನ್ನ ನಕ್ಷೆಯ ನಾಲ್ಕು ಕಂಬದ ಅಂತರ ಇಲ್ಲಿ ಐದಾಗಿ, ಎಲ್ಲ ಸಮತೋಲ ಕೆಟ್ಟಿತ್ತು.

"ಮೂಢನಂಬಿಕೆಗೆ ಕೆಲಸ ಕಳ್ಕೋತೀಯಲ್ಲ ಮಾರಾಯ!" ಎಂದು ಕೂಗಾಡಿದೆ. "ನಾಳೆ ನೀನೇ ಹತ್ತಿ ಕ್ರಾಸ್ ಹಾಕ್ಬೇಕು. ಇಲ್ದಿದ್ರೆ ಪಟ್ಟಿ ಬರೀತೀನಿ."

"ಬರೀರಿ ಸಾರ್," ಎಂದ. ಸಿಟ್ಟಿನಿಂದ ಅನ್ನಲಿಲ್ಲ. "ನಾನು ಹತ್ತಲ್ಲ. ಹುಡುಗ್ರನ್ನೂ ಹತ್ತಿಸಲ್ಲ."

ಹಾಗಾದರೆ ನಾನೇ ಹತ್ತುತ್ತೇನೆಂದು ಹಟ ಬಂತು. ಮಾರನೆಯ ದಿನ ವಿದ್ಯುತ್ ಕಚೇರಿಗೆ ಹೋಗಿ, ಒಂದು ಗಂಟೆ ಕರೆಂಟು ತೆಗೆಯುವುದಾಗಿ ಬರೆಸಿಕೊಂಡು ಬಂದೆ. ಹಿರಿಯ ಲೈನ್‌ಮನ್ ಏಣಿ ಹಿಡಿಯಲು ಒಪ್ಪಿದ. ಬೆಲ್ಟನ್ನು ತಾನೇ ಎರಡು ಸಲ ಎಳೆದು ನೋಡಿ ನನಗೆ ಕಟ್ಟಿದ. ಆಮೇಲೆ ನನ್ನ ಕೈಗೆ ಒಂದು ಒಣ ಬಿದಿರಿನ ಗಳು ಕೊಟ್ಟ, ಅದರ ಮೇಲೆ ಅಡಿ ಅಡಿಗೆ ಚಾಕುವಿನಿಂದ ಗೀರು ಹಾಕಿತ್ತು.

"ಇದೆಂತಕ್ಕೆ?"

"ಅಳೀರಿ ಸಾರ್. ಮೂರು ಸಲ ಹೇಳಿ ಬರೆಸಿದ್ದೀನಿ ಆಫೀಸಿಗೆ. ಯಾರೂ ಬಂದು ಅಳೀಲಿಲ್ಲ."

ಮೇಲೆ ಹೋಗಿ ಗಳುವನ್ನು ನಿಲ್ಲಿಸಿದೆ. ನಮ್ಮ ಮೇಲಿನ ತಂತಿಗೂ ವಿದ್ಯುತ್ ತಂತಿಗೂ ನಡುವೆ ಆರಡಿ ಇರಬೇಕೆಂದು ನಿಯಮ. ಎರಡೂವರೆ ಗೀರಿಗೆ ಗಳು ತಾಗಿತು. ಇನ್ನೊಮ್ಮೆ ಇಟ್ಟೆ. ಅಷ್ಟೇ. ತಂತಿ ಕೂರುವ ಪಿಂಗಾಣಿ ಬುಗುಟಿನ ಒಂದು ಮಗ್ಗುಲು ಕಪ್ಪಾಗಿತ್ತು. ಅಲ್ಲಿಂದ ಕೆಳಗೆ ನೋಡಿದೆ. ಲೈನು ಆ ಕಡೆಯಿಂದ ನೇರವಾಗಿ ಬಂದು, ಈ ಕಂಬದಲ್ಲಿ ಮೊಣಕೈಯಂತೆ ತಿರುಗಿ, ಒಂದು ಗದ್ದೆಯ ಅಂಚನ್ನು ಬಳಸಿ ಹೋಗಿತ್ತು. ಗದ್ದೆ ಇಲ್ಲದಿದ್ದರೆ ಹಿಂದಿನ ಕಂಬದಿಂದ ಮುಂದಿನ ಕಂಬಕ್ಕೆ ಸೀದಾ ಹೋಗಬಹುದಿತ್ತು. ಆಗ ನಮ್ಮ ತಂತಿ, ವಿದ್ಯುತ್ ಲೈನು ತನ್ನದೇ ಕಂಬದ ಹತ್ತಿರ ಎತ್ತರದಲ್ಲಿರುವ ಕಡೆ ಅದರ ಕೆಳಗೆ ದಾಟುತ್ತಿತ್ತು.

ಆ ಮೊಣಕೈ ಹಾಕಿಸಿದವನು ನಾನೇ. ಆರು ವರ್ಷದ ಹಿಂದೆ ಗದ್ದೆಯ ಯಜಮಾನರು, ನಮ್ಮ ತಂದೆಗೆ ಬೇಕಾದವರು, ನನ್ನನ್ನು ಮನೆಗೆ ಕರೆದು ಒತ್ತುಶಾವಿಗೆ, ಕಾಯಿಹಾಲು ಬಡಿಸಿದ್ದರು. "ನಟ್ಟನಡು ಗದ್ದೆಗೆ ಕಂಬದ ತಂತಿ ಎಳೆದ್ರೆ ಹೇಗೆ ಮಾರಾಯ? ಒಂಚೂರು ಬಳಸ್ಕೊಂಡು ಹೋಗು," ಅಂದಿದ್ದರು. ಗದ್ದೆಯೊಳಗೆ ಒಂದು ಕಂಬವೂ ಬೀಳುವುದಿಲ್ಲ, ಬರೀ ತಂತಿ ಮೇಲೆ ಹೋಗುತ್ತದೆಂದು ಹೇಳಬೇಕಿತ್ತು. ಎಲೆ ಮುಂದೆ ಕೂತು ಹೇಗೆ ಹೇಳುವುದು? ಆಗಲಿ ಎಂದೆ. ವಿದ್ಯುತ್ ತಂತಿಯ ಎತ್ತರವನ್ನು ಕಣ್ಣಂದಾಜಿನಲ್ಲಿ ನೋಡಿ, ನಕ್ಷೆಯಲ್ಲಿ 'ಎಂಟು ಅಡಿ ಅಂತರ' ಎಂದು ಬರೆದೆ. ಆ ಲೈನ್‌ಮನ್ ಸತ್ತಾಗ ವಿಚಾರಣೆಗೆ ಹೋದದ್ದು ಅದೇ ನಕ್ಷೆ. ಎಂಟಡಿ ಅಂತರವಿದ್ದರೂ ತಾಗಿಸಿಕೊಂಡವನು ಅಜಾಗರೂಕನಲ್ಲದೆ ಇನ್ನೇನು?

ಕಂಬದ ಮೇಲೆ ಎಷ್ಟು ಹೊತ್ತು ಇದ್ದೆನೋ ತಿಳಿಯದು. ಕೆಳಗಿನಿಂದ "ಸಾರ್, ಟೈಮಾಯ್ತು, ಕರೆಂಟು ಬಿಡ್ತಾರೆ" ಎಂದು ಕೂಗು ಬಂತು. ಕ್ರಾಸ್ ಹಾಕದೆಯೇ ಇಳಿದೆ.

ಎರಡು ದಿನ ಲೆಕ್ಕ ಮಾಡಿದೆ. ಆ ಕಂಬದ ಮೇಲೆ ಕ್ರಾಸ್ ಹಾಕಿದರೆ ಅಲ್ಲಿಂದ ಭದ್ರಾವತಿಯವರೆಗಿನ ಎಲ್ಲ ಕ್ರಾಸುಗಳನ್ನೂ ಒಂದೊಂದು ಕಂಬ ಹಿಂದಕ್ಕೆ ತರಬೇಕು. ಹತ್ತು ದಿನದಲ್ಲಿ ಆಗದ ಮಾತು. ಜೊತೆಗೆ ಇನ್ನೊಬ್ಬನನ್ನು ಅದರ ಮೇಲೆ ಕಳಿಸಬೇಕು. ಇನ್ನೊಂದು ದಾರಿಯಿತ್ತು. ಕಂಬವನ್ನೇ ಕಿತ್ತು ಮೊಣಕೈಯನ್ನು ನೇರ ಮಾಡುವುದು. ಬಳಸು ಹಾದಿ ಇಲ್ಲವಾದರೆ ತಂತಿ ಸುಮಾರು ಒಂದು ಕಂಬದ ಅಂತರದಷ್ಟು ಗಿಡ್ಡವಾಗುತ್ತದೆ. ಐದಾಗಿದ್ದದ್ದು ನಾಲ್ಕಕ್ಕೆ ಬಂದು ನಿಲ್ಲುತ್ತದೆ. ಮುಂದಿನ ಯಾವ ಕ್ರಾಸನ್ನೂ ಮುಟ್ಟಬೇಕಿಲ್ಲ. ಡೈರಿಯ ಎಣಿಕೆಯೂ ಸರಿಯಾಗುತ್ತದೆ. ನಾಲ್ಕು ವರ್ಷದಿಂದ ಗ್ಯಾಂಗಿನವರು ಲೈನು ಹೇಗಿರಬೇಕಿತ್ತೋ ಹಾಗೆ ಎಣಿಸುತ್ತ ಬಂದಿದ್ದರು.

ಯಜಮಾನರ ಮನೆಗೆ ಹೋಗಿ, ಜಗಲಿ ಹತ್ತದೆ ಅಂಗಳದಲ್ಲೇ ನಿಂತು, ಗದ್ದೆಯ ಮೇಲೆ ತಂತಿ ಹೋಗುತ್ತದೆಂದು ತಿಳಿಸಿದೆ. ಬೇಸರಪಟ್ಟುಕೊಂಡರು. ಊಟಕ್ಕೆ ಕರೆಯಲಿಲ್ಲ.

ಏಳನೆಯ ದಿನ ಕಂಬ ಕಿತ್ತೆವು. ವಿದ್ಯುತ್ ಮತ್ತೆ ತೆಗೆಸಿ, ಕಂಬದ ಮೇಲಿನ ತಂತಿಯನ್ನು ನಾನೇ ಹತ್ತಿ ಬಿಚ್ಚಿದೆ. ಗ್ಯಾಂಗಿನವರು ಹಗ್ಗ ಕಟ್ಟಿ ಒರಗಿಸಿದರು. ಅಕ್ಕಪಕ್ಕದ ಕಂಬಗಳಿಗೆ ಹೊಸ ಆಧಾರ ತಂತಿ ಬಿಗಿದು, ಗದ್ದೆಯ ಮೇಲೆ ಒಂದೇ ಉದ್ದನೆಯ ಎಳೆ ಎಳೆದರು. ಎಲ್ಲರೂ ಬುತ್ತಿ ಬಿಚ್ಚಲು ಮರದ ಕೆಳಗೆ ಹೋದಾಗ ಹಿರಿಯ ಲೈನ್‌ಮನ್ ಕಂಬದ ಗುಂಡಿಯ ಹತ್ತಿರವೇ ನಿಂತಿದ್ದ. ನಾನು ಹೋಗಿ ಹೇಳಿದೆ: "ಆ ಮೊಣಕೈ ಹಾಕಿಸಿದ್ದು ನಾನು. ಗದ್ದೆಯವರ ಮಾತು ಕೇಳಿ."

"ಗೊತ್ತು ಸಾರ್," ಎಂದ. "ನೀವು ಒಳಗೆ ಶಾವಿಗೆ ತಿಂತಿದ್ರಿ. ಅಳತೆ ಸರಪಳಿ ಹಿಡ್ಕೊಂಡು ಗೇಟಲ್ಲಿ ನಿಂತಿದ್ದವ್ರು ನಾನು, ಅವನು."

"ಇಷ್ಟು ವರ್ಷ ಹೇಳಲಿಲ್ಲವಲ್ಲ," ಎಂದೆ.

"ಹೇಳಿದ್ರೆ ಬರ್ಕೋತಿದ್ರಾ ಸಾರ್?" ಗುಂಡಿಗೆ ಕಾಲಿನಿಂದ ಮಣ್ಣು ತಳ್ಳಿದ. "ಈಗ ಕಂಬಾನೂ ಹೋಯ್ತು. ಇನ್ನು ಯಾರಿಗೆ ಹೇಳಿದ್ರೂ ನಂಬಲ್ಲ, ಅವನು ಕುಡಿದು ಹತ್ತಿದ್ದ ಅಂತ್ಲೇ ಅಂತಾರೆ. ಅವನ ಕೇರಿಯಲ್ಲಿ ಹಂಗೇ ಆಡ್ಕೊಳ್ಳೋದು. ಒಂದಿನ ಕುಡಿದವನಲ್ಲ."

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ಲೈನು ನೇರವಾಗಿತ್ತು, ಡೈರಿ ಸರಿಯಾಗಿತ್ತು, ಎರಡೂವರೆ ಅಡಿ ಎಲ್ಲಿಯೂ ಉಳಿದಿರಲಿಲ್ಲ.

ಒಂಬತ್ತನೆಯ ದಿನ ಪರೀಕ್ಷೆ. ತಿರುಪು ತುದಿ ಮುಟ್ಟುವವರೆಗೂ ಪಕ್ಕದ ಜೋಡಿ ಬಾಯಿ ಬಿಡಲಿಲ್ಲ. ಸಾಹೇಬರು ನನ್ನ ಬೆನ್ನು ತಟ್ಟಿದರು. ನಾನು ಎರಡು ಹಾಳೆಯ ವರದಿ ಕೊಟ್ಟೆ. ಮೊದಲನೆಯದರಲ್ಲಿ ಮೊಣಕೈ ತೆಗೆದ ತಾಂತ್ರಿಕ ಕಾರಣ, ಗ್ಯಾಂಗಿನ ಎಣಿಕೆಯಲ್ಲಿ ದೋಷವಿಲ್ಲವೆಂಬ ಮಾತು, ನಾನು ಇಡೀ ಲೈನು ನಡೆಯದೆ ರುಜು ಹಾಕಿದ್ದು. ಎರಡನೆಯದರಲ್ಲಿ ಗದ್ದೆ, ಊಟ, ಕಣ್ಣಂದಾಜಿನ ಎಂಟಡಿ, ಗಳುವಿನ ಎರಡೂವರೆ ಅಡಿ. ಸತ್ತ ಲೈನ್‌ಮನ್ನಿನ ತಪ್ಪೇನೂ ಇಲ್ಲವೆಂಬ ಮಾತು.

ಸಾಹೇಬರು ಮೊದಲನೆಯದಕ್ಕೆ ಮೊಹರು ಹಾಕಿದರು. ಹಿರಿಯ ಲೈನ್‌ಮನ್ನಿನ ಕೆಲಸ ಉಳಿಯಿತು. ನನಗೆ ಒಂದು ಎಚ್ಚರಿಕೆ ಪತ್ರ ಬಂತು. ಎರಡನೆಯ ಹಾಳೆಯನ್ನು ಓದಿ, ಮಡಿಸಿ, ನನ್ನ ಕಡೆಗೆ ಸರಿಸಿದರು.

"ಇದು ಬೇಡ. ಮುಗಿದ ವಿಚಾರಣೆ ಯಾಕೆ ಕೆದಕ್ತೀರಿ? ಕಂಬವೇ ಇಲ್ವಲ್ರೀ ಈಗ."

ನಾನು ಜಗಳವಾಡಬೇಕಿತ್ತು. ಮೇಲಿನವರಿಗೆ ನೇರವಾಗಿ ಕಳಿಸಬೇಕಿತ್ತು. ಕಳಿಸಲಿಲ್ಲ. ಹೆದರಿಕೆಯಾಯಿತು, ಅಷ್ಟೇ. ಅದಕ್ಕೆ ಬೇರೆ ಹೆಸರು ಕೊಡಲಾರೆ.

ಆ ಭಾನುವಾರ ಹಿರಿಯ ಲೈನ್‌ಮನ್ನನ್ನು ಕೇಳಿಕೊಂಡು ರಾಗಿಗುಡ್ಡದ ಕೆಳಗಿನ ಕೇರಿಗೆ ಹೋದೆ. ಸತ್ತವನ ಹೆಂಡತಿ ಬಾಗಿಲಲ್ಲಿ ಕೂತು ಬೀಡಿ ಕಟ್ಟುತ್ತಿದ್ದಳು. ಹಿಂದೆ ಗೋಡೆಯ ಮೇಲೆ ದೇವರ ಪಟಗಳ ಸಾಲಿನಲ್ಲಿ ಒಂದು ತಗಡು, ಅದಕ್ಕೂ ಕುಂಕುಮ. ಇನ್ನೂರ ಹನ್ನೆರಡು. ನಾನು ಯಾರೆಂದು ಹೇಳಿದೆ. ಹಾಳೆಯನ್ನು ಪೂರ್ತಿ ಓದಿ ಹೇಳಿದೆ, ಶಾವಿಗೆಯ ಮಾತನ್ನೂ ಬಿಡದೆ. ಅವಳ ಕೈ ನಿಲ್ಲಲಿಲ್ಲ. ದಾರ ಸುತ್ತುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ ಕೈ ಒರೆಸಿಕೊಂಡು ಹಾಳೆಯನ್ನು ಇಸಿದುಕೊಂಡಳು. ಓದು ಬರುತ್ತಿರಲಿಲ್ಲ. ಕೆಳಗಿನ ಮೂಲೆಯನ್ನು ಬೆಳಕಿಗೆ ಹಿಡಿದು ನೋಡಿದಳು.

"ಅವ್ರ ತಪ್ಪಿಲ್ಲ ಅಂತ ಬರ್ದಿದ್ದೀರಿ?"

"ಹೌದಮ್ಮ."

"ಮೊಹರು ಎಲ್ಲಿ?"

"ಹಾಕಲಿಲ್ಲ."

"ಮತ್ತೆ ಇದನ್ನ ನಾನು ಯಾರಿಗೆ ತೋರಿಸ್ಲಿ?" ಎಂದಳು. ಹಾಳೆಯನ್ನು ಮೊದಲಿದ್ದ ಮಡಿಕೆಗೇ ಸರಿಯಾಗಿ ಮಡಿಸಿ ನನ್ನ ಕೈಗೆ ಕೊಟ್ಟಳು. "ಮೊಹರು ಬಿದ್ಮೇಲೆ ತಗೊಂಡು ಬನ್ನಿ."

ಹಾಳೆ ನನ್ನ ಪೆಟ್ಟಿಗೆಯಲ್ಲೇ ಇದೆ. ಮಡಿಕೆಯ ಗೆರೆಗಳಲ್ಲಿ ಹರಿದಿದೆ. ಅದರಲ್ಲಿದ್ದದ್ದನ್ನೇ ಇಲ್ಲಿ ಬಿಡಿಸಿ ಬರೆದೆ. ಇದರ ಕೆಳಗೂ ಇರುವುದು ನನ್ನ ರುಜು ಮಾತ್ರ.